ಲಾಯದ ತಾತನ ಕಲ್ಲು

ಮಂಚೇನಹಳ್ಳಿಯಲ್ಲಿ ಗೌರಿಬಿದನೂರಿನ ಬಸ್ಸು ಹತ್ತಿ ಎಡಗಡೆ ಕೂತರೆ, ನಮ್ಮೂರು ಬರುವುದಕ್ಕೆ ಸ್ವಲ್ಪ ಮೊದಲು ಎರಡು ಕಲ್ಲಿನ ಕಂಬಗಳು ಕಾಣುತ್ತಿದ್ದವು. ಗೇಟು ಯಾವಾಗಲೋ ಹೋಗಿತ್ತು. ಕಂಬಗಳ ಹಿಂದೆ ಸಿಲ್ವರ್ ಓಕ್ ಮರಗಳ ಸಾಲು, ಸಾಲಿನ ಕೊನೆಗೆ ಅಗಲವಾದ ಕಲ್ಲಿನ ಮೆಟ್ಟಿಲು. ಮೆಟ್ಟಿಲು ಹತ್ತಿದರೆ ಮನೆಯಿಲ್ಲ. ಬಂಗಲೆಯ ತೊಲೆಗಳು ಊರಿನ ಮನೆಗಳ ಸೂರು ಸೇರಿದ್ದವು, ಇಟ್ಟಿಗೆಗಳು ಶಾಲೆಯ ಕಾಂಪೌಂಡಿಗೆ ಹೋಗಿದ್ದವು. ನೆಲದಲ್ಲಿ ಸುಮ್ಮನೆ ಕೆದಕಿದರೂ ನೀಲಿ ಹೂವಿನ ಪಿಂಗಾಣಿ ಚೂರುಗಳು ಸಿಗುತ್ತಿದ್ದವು. ಊರಿನವರು ಅದನ್ನು ದೊರೆ ತೋಟ ಎನ್ನುತ್ತಿದ್ದರು. ಆ ಇಂಗ್ಲಿಷ್ ದೊರೆ ಯಾರು, ಅಲ್ಲಿ ಏನು ಬೆಳೆಯುತ್ತಿದ್ದ, ಯಾವಾಗ ಬಿಟ್ಟು ಹೋದ ಎಂದು ಸರಿಯಾಗಿ ಹೇಳುವವರು ಯಾರೂ ಉಳಿದಿರಲಿಲ್ಲ. ಅವನಿಗೆ ಕುದುರೆಯ ಹುಚ್ಚು ಎಂಬುದನ್ನು ಮಾತ್ರ ಎಲ್ಲರೂ ಹೇಳುತ್ತಿದ್ದರು. ಅದಕ್ಕೆ ಸಾಕ್ಷಿಯಾಗಿ ತೋಟದ ಹಿಂಭಾಗದಲ್ಲಿ ಕುದುರೆ ಲಾಯದ ಗೋಡೆಗಳು, ಒಂದೇ ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳು ಹಾಗೇ ಇದ್ದವು.

ಆ ಲಾಯದಿಂದಲೇ ನಮ್ಮ ಮನೆತನಕ್ಕೆ ಹೆಸರು ಬಂದಿದ್ದು. ಕಾಲೋನಿಯಲ್ಲಿ ನಮ್ಮನ್ನು ಲಾಯದೋರು ಅನ್ನುತ್ತಾರೆ. ನನ್ನ ಅಜ್ಜಿಯ ಮಾವ, ಅಂದರೆ ನನ್ನ ಮುತ್ತಾತ, ದೊರೆಯ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದವರು. ನಮಗೆ ಅವರು ಲಾಯದ ತಾತ, ಬೇರೆ ಹೆಸರು ಗೊತ್ತಿರಲಿಲ್ಲ. ಅವರ ಮಗ, ಅಂದರೆ ಅಜ್ಜಿಯ ಗಂಡ, ನನ್ನ ಅಪ್ಪ ಚಿಕ್ಕಪ್ಪ ಸಣ್ಣವರಿದ್ದಾಗಲೇ ತೀರಿಕೊಂಡಿದ್ದರು. ಚಿಕ್ಕಪ್ಪ ಕೆಲಸಕ್ಕೆಂದು ವಂಶವೃಕ್ಷ ಮಾಡಿಸುವಾಗ ಮೇಲಿನ ಜಾಗವನ್ನು ಖಾಲಿ ಬಿಡಬೇಕಾಯಿತಂತೆ. ಅಜ್ಜಿಗೆ ಹೆಸರು ಗೊತ್ತಿತ್ತು. ಆದರೆ ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ಹೇಳಬಾರದು.

ಅಪ್ಪ ಅಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸದಲ್ಲಿದ್ದರು. ನಾನು ಊರಲ್ಲಿ ಅಜ್ಜಿಯ ಜೊತೆ ಇದ್ದುಕೊಂಡು ಗೌರಿಬಿದನೂರಿನ ಕಾಲೇಜಿಗೆ ಹೋಗುತ್ತಿದ್ದೆ. ಪಿಯುಸಿ ಸೇರಿದಾಗಿನಿಂದ ದಿನಚರಿ ಬರೆಯುವ ಅಭ್ಯಾಸ. ಬಸ್ಸು ತಡವಾಗಿದ್ದು, ಮಳೆ ಬಂದಿದ್ದು, ಮನೆಗೆ ಯಾರು ಬಂದರು ಹೋದರು ಎಲ್ಲವನ್ನೂ ತಾರೀಖು ಹಾಕಿ ಬರೆಯುತ್ತೇನೆ. 2006ರ ಪುಟಗಳನ್ನು ಎದುರಿಗಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಆಗಿನ್ನೂ ನಮ್ಮದು ಕೋಲಾರ ಜಿಲ್ಲೆ.

ಲಾಯದ ಹಿಂದೆ, ಹೊಂಗೆ ಮರದ ಕೆಳಗೆ, ಒಂದು ಸಮಾಧಿಯಿತ್ತು. ಉದ್ದನೆಯ ಚಪ್ಪಡಿ, ಅದರ ತಲೆಗೆ ಒಂದು ನಿಲುಗಲ್ಲು. ಲಾಯದ ತಾತನನ್ನು ಮಣ್ಣು ಮಾಡಿದ ಜಾಗ ಅದೇ ಎಂದು ಅಜ್ಜಿ ಹೇಳಿದ್ದಳು. ಚಪ್ಪಡಿ ಮನುಷ್ಯನ ಅಳತೆಗಿಂತ ದೊಡ್ಡದಿತ್ತು. ತಾತ ಭಾರೀ ಎತ್ತರದ ಆಳು, ದೊರೆಗೆ ಅವರ ಮೇಲೆ ಬಹಳ ಪ್ರೀತಿ, ಅದಕ್ಕೇ ಕಲ್ಲು ಹಾಕಿಸಿದ್ದಾನೆ ಎಂದು ನಾವು ಅಂದುಕೊಂಡಿದ್ದೆವು. ವರ್ಷ ವರ್ಷ ಮಹಾಲಯ ಅಮಾವಾಸ್ಯೆಯ ದಿನ ಮನೆಯಲ್ಲಿ ಉಳಿದ ಹಿರಿಯರಿಗೆಲ್ಲ ಎಡೆ ಇಟ್ಟ ಮೇಲೆ ಅಜ್ಜಿ ತಾತನ ಪಾಲನ್ನು ಮುತ್ತುಗದ ಎಲೆಯಲ್ಲಿ ಕಟ್ಟಿಕೊಂಡು ಆ ಕಲ್ಲಿಗೆ ಹೋಗುತ್ತಿದ್ದಳು. ಆ ಪಾಲಿನಲ್ಲಿ ಅನ್ನವಿಲ್ಲ, ಬಾಡಿಲ್ಲ. ನೆನೆಸಿದ ಹುರಳಿ, ಒಂದು ಅಚ್ಚು ಬೆಲ್ಲ, ಅಷ್ಟೇ. ಅದಕ್ಕೆ ಉಪ್ಪು ಸೋಕಿಸಬಾರದು. ಯಾಕೆ ಹೀಗೆ ಎಂದು ನಾನೊಮ್ಮೆ ಕೇಳಿದ್ದೆ. "ನಮ್ಮತ್ತೆ ಹಂಗೇ ಮಾಡ್ತಿದ್ರು, ನಾನೂ ಹಂಗೇ ಮಾಡ್ತೀನಿ" ಎಂದಿದ್ದಳು. ಆಮೇಲೆ ನಿಲುಗಲ್ಲಿಗೆ ಸುಣ್ಣ ಬಳಿದು, ಅರಿಶಿನ ಕುಂಕುಮ ಇಟ್ಟು, ಹರಳೆಣ್ಣೆ ಸವರುತ್ತಿದ್ದಳು. ಹಾಗೆ ಬಳಿದೂ ಬಳಿದೂ ಕಲ್ಲಿನ ಮುಖ ದಪ್ಪ ಕಟ್ಟಿಹೋಗಿತ್ತು.

ಆ ವರ್ಷದ ಜುಲೈನಲ್ಲಿ ದೊರೆ ತೋಟವನ್ನು ಊರ ಗೌಡರು ಕೊಂಡರು. ದ್ರಾಕ್ಷಿ ಹಾಕುತ್ತಾರೆ, ಜೆಸಿಬಿ ಬರುತ್ತದೆ, ಲಾಯ ಕೆಡವುತ್ತಾರೆ ಎಂಬ ಸುದ್ದಿ ಕಾಲೋನಿಗೆ ಬಂತು. ಅಜ್ಜಿ ನನ್ನನ್ನು ಕರೆದುಕೊಂಡು ಹೋಗಿ ದಾರಿಯಲ್ಲೇ ಗೌಡರನ್ನು ತಡೆದು ಕೇಳಿದಳು. ಅವರು ಗಾಡಿ ನಿಲ್ಲಿಸಿ ನೆಟ್ಟಗೇ ಮಾತಾಡಿದರು.

"ಸಮಾಧಿ ಕೀಳೋ ಅಷ್ಟು ಕೆಟ್ಟೋನಲ್ಲವ್ವ ನಾನು. ನಿಮ್ಮ ಹಿರೀಕರದು ಅಂತ ಆದ್ರೆ ಸುತ್ತ ಒಂದಿಷ್ಟು ಜಾಗ ಬಿಟ್ಟೇ ಕಂಬ ನೆಡ್ಸ್ತೀನಿ. ಆ ಕಲ್ಲಿನ ಮ್ಯಾಲೆ ಏನೋ ಬರ್ದವ್ರಂತಲ್ಲ, ಏನು ಅಂತ ಓದ್ಕೊಂಡು ಬಂದು ಹೇಳಿ. ನಾಳೆ ನಮ್ಮ ಅಣ್ಣತಮ್ಮಂದಿರು ಕೇಳಿದ್ರೆ ನಾನೂ ಹೇಳ್ಬೇಕಲ್ಲ."

"ನಮ್ಮ ಹುಡುಗಿ ಇಂಗ್ಲಿಷು ಓದ್ತಾಳೆ" ಎಂದಳು ಅಜ್ಜಿ.

ಮರುದಿನ ಭಾನುವಾರ. ಒಂದು ಕೊಡ ನೀರು, ಹುಣಸೆಹಣ್ಣು, ತೆಂಗಿನ ನಾರು, ಒಂದು ಹಳೆಯ ಕುಡುಗೋಲು ತೆಗೆದುಕೊಂಡು ಹೋದೆವು. ಅಜ್ಜಿ ಮೊದಲು ಕಲ್ಲಿಗೆ ಕೈಮುಗಿದು, ಸೆರಗು ತಲೆ ಮೇಲೆ ಎಳೆದುಕೊಂಡು, ಕುಡುಗೋಲಿನ ತುದಿಯಿಂದ ಸುಣ್ಣ ಕೆರೆಯಲು ನನಗೆ ಹೇಳಿದಳು. ತಾನು ಕೆರೆಯಲಿಲ್ಲ. ಸುಣ್ಣ ಪದರ ಪದರವಾಗಿ ಎದ್ದು ಬಂತು. ನಡುವೆ ಎಲ್ಲೋ ಕೆಂಪು, ಎಲ್ಲೋ ಹಳದಿ. ಅಷ್ಟೂ ವರ್ಷದ ಅಮಾವಾಸ್ಯೆಗಳು ನನ್ನ ಉಗುರಿನ ಸಂದಿಯಲ್ಲಿ ಕೂತವು. ಹುಣಸೆಹಣ್ಣು ಹಚ್ಚಿ ನಾರಿನಿಂದ ತಿಕ್ಕಿದಾಗ ಅಕ್ಷರಗಳ ಗುಳಿಗಳು ಕಾಣಿಸಿಕೊಂಡವು.

ಮೊದಲ ಸಾಲಿನಲ್ಲಿ ಒಂದು ಹೆಸರಿತ್ತು. ಅದು ನಮ್ಮವರ ಹೆಸರಲ್ಲ. ಕೆಳಗಿನ ಸಾಲುಗಳನ್ನು ನಾನು ಒಮ್ಮೆ ಓದಿ, ನೀರು ಹಾಕಿ, ಮತ್ತೊಮ್ಮೆ ಓದಿದೆ.

"ಏನು ಬರ್ದವ್ರೆ ಓದಮ್ಮ" ಎಂದಳು ಅಜ್ಜಿ.

"ಅಜ್ಜಿ, ಇದು ಕುದುರೆ ಸಮಾಧಿ."

"ಯಾವ ಕುದುರೆ?"

"ದೊರೆ ಕುದುರೆ. ಅದರ ಹೆಸರು ಬರ್ದವ್ರೆ. ಒಳ್ಳೇ ಕುದುರೆ, ನಂಬಿಕೆಯ ಕುದುರೆ, ದೊರೆಯನ್ನ ಬಹಳ ವರ್ಷ ಹೊತ್ತಿತ್ತು, ಅದು ಇಲ್ಲಿ ಮಲಗೈತೆ ಅಂತ ಬರ್ದವ್ರೆ."

ಅಜ್ಜಿ ಹತ್ತಿರ ಬಂದು ಕೂತು ಅಕ್ಷರಗಳ ಮೇಲೆ ಬೆರಳಾಡಿಸಿದಳು. ಅವಳಿಗೆ ಕನ್ನಡವೂ ಓದಲು ಬಾರದು.

"ತಾತನ ಹೆಸರು ಇಲ್ವ?"

"ಇಲ್ಲಜ್ಜಿ."

"ಕೆಳಗೆ ನೋಡು, ಮಣ್ಣಲ್ಲಿ ಹೂತಿರೋ ಕಡೆ. ನೋಡ್ಕಂತಿದ್ದೋನು ಇಂಥೋನು ಅಂತ ಒಂದು ಮಾತು ಇರಬೌದು."

ಮಣ್ಣು ಬಗೆದು ನೋಡಿದೆ. ಕಲ್ಲಿನ ಬುಡ ಬರಿದಾಗಿತ್ತು. ಹಿಂಬದಿಯನ್ನೂ ತಿಕ್ಕಿ ನೋಡಿದೆ. ಅಜ್ಜಿ ತಲೆ ಮೇಲಿನ ಸೆರಗನ್ನು ನಿಧಾನವಾಗಿ ಹೆಗಲಿಗೆ ಇಳಿಸಿದಳು. ಕುದುರೆಯ ಮುಂದೆ ಸೆರಗು ಹೊದೆಯುವ ಅಗತ್ಯವಿರಲಿಲ್ಲ.

ಈ ತಪ್ಪು ಹೇಗಾಯಿತು ಎಂದು ದಾರಿಯುದ್ದಕ್ಕೂ ಅವಳೇ ಬಿಡಿಸಿ ಹೇಳಿದಳು. ಅವಳು ಮದುವೆಯಾಗಿ ಬರುವಷ್ಟರಲ್ಲಿ ಮಾವ ತೀರಿಹೋಗಿದ್ದರು. ಮೊದಲ ವರ್ಷದ ಅಮಾವಾಸ್ಯೆಗೆ ಅತ್ತೆ ಹುರಳಿ ಬೆಲ್ಲ ಹಿಡಿದು ಲಾಯದ ಹಿಂದೆ ಕರೆದುಕೊಂಡು ಹೋದಾಗ, ಇಲ್ಲಿ ಯಾರನ್ನು ಮಣ್ಣು ಮಾಡಿರುವುದು ಎಂದು ಹೊಸ ಸೊಸೆ ಕೇಳಿದ್ದಳು. ಅತ್ತೆ ಹೇಳಿದ್ದು ಒಂದೇ ಮಾತು: "ನಮ್ಮ ಲಾಯದ್ದು. ಅವರು ಮಾಡ್ತಿದ್ರು, ನಾವು ಬಿಡಬಾರ್ದು." ಅತ್ತೆ ಗಂಡನ ಹೆಸರು ಹೇಳುವಂತಿಲ್ಲ, ಸೊಸೆ ಮಾವನ ಹೆಸರು ಕೇಳುವಂತಿಲ್ಲ. ಸೊಸೆ ತಲೆ ಬಗ್ಗಿಸಿ ಕಲ್ಲಿಗೆ ಕೈಮುಗಿದಳು. ಕುದುರೆ ಸತ್ತ ಮೇಲೂ ಮಾವ ಅದಕ್ಕೆ ಹುರಳಿ ಇಡುತ್ತಿದ್ದಿರಬೇಕು. ಅವರು ಹೋದ ಮೇಲೆ ಅವರ ಹೆಂಡತಿ ಇಟ್ಟರು, ಆಮೇಲೆ ಅಜ್ಜಿ. ಕುದುರೆಯ ಮೇವನ್ನೇ ನಾವು ತಾತನ ಪಾಲು ಅಂದುಕೊಂಡಿದ್ದೆವು.

ಆ ರಾತ್ರಿ ಅಜ್ಜಿ ಮುದ್ದೆ ಮುರಿದಳು, ತಿನ್ನಲಿಲ್ಲ. ನಾನು ಸಮಾಧಾನಕ್ಕೆಂದು, ಕಲ್ಲು ಹೋದರೆ ಹೋಗಲಿ ಬಿಡಜ್ಜಿ ಅಂದೆ.

"ಕಲ್ಲು ಯಾರಿಗೆ ಬೇಕು ಕಣೇ" ಎಂದಳು. "ನಾನು ಈ ಮನೆಗೆ ಬಂದಾಗಿಂದ ಅವರಿಗೆ ಒಂದು ತುತ್ತು ಇಟ್ಟಿಲ್ಲ. ಎಲ್ಲ ಹಿರೀಕರಿಗೂ ಮನೇಲಿ ಎಲೆ ಹಾಕ್ತೀನಿ. ಅವರದ್ದು ಕಲ್ಲಿನ ಹತ್ರ ಐತಲ್ಲ ಅಂತ ಮನೇಲಿ ಎಲೆ ಹಾಕ್ಲೇ ಇಲ್ಲ. ಇಷ್ಟು ಕಾಲ ಹಸ್ಕೊಂಡವ್ರೆ."

ಇನ್ನು ಮೇಲೆ ಮನೆಯಲ್ಲೇ ಎಲೆ ಹಾಕೋಣ ಅಂದೆ. ಮಣ್ಣು ಮಾಡಿದ ಜಾಗದಲ್ಲಿ ಒಮ್ಮೆಯಾದರೂ ಎಡೆ ಇಟ್ಟು ಕರೆಯದೆ ಮನೆಯೊಳಗೆ ಕರೆದರೆ ಅವರು ಬರುವುದಿಲ್ಲ ಎಂದಳು. ಅವರು ಎಲ್ಲಿ ಮಲಗಿದ್ದಾರೆ ಎಂದು ಜೆಸಿಬಿ ಬರುವ ಮೊದಲು ಗೊತ್ತಾಗಬೇಕಿತ್ತು. ಆಮೇಲೆ ಗೊತ್ತುಮಾಡಲು ಅಲ್ಲಿ ಗುರುತು ಅನ್ನುವುದೇ ಉಳಿಯುವುದಿಲ್ಲ.

ಆಗಸ್ಟ್ ಮೊದಲ ವಾರ ಚಿಕ್ಕಪ್ಪ ಚಿಂತಾಮಣಿಯಿಂದ ಬಂದರು. ಅವರಿಗೆ ಅಲ್ಲಿ ಸರ್ಕಾರಿ ಕೆಲಸ. ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ಎಡೆ, ಅಮಾವಾಸ್ಯೆ ಎಲ್ಲ ಬಿಟ್ಟಿದ್ದರು. ಮಹಾಲಯಕ್ಕೆ ಕರೆದರೆ "ನಿಮ್ಮ ಹುರಳಿ ನೀವೇ ತಿನ್ನಿ" ಎಂದು ರೇಗಿಸುತ್ತಿದ್ದರು. ಈ ವಿಷಯ ಕೇಳಿ ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಜಗುಲಿಯಲ್ಲಿ ಕೂತು ಹೇಳಿದರು:

"ಗೌಡ್ರಿಗೆ ಯಾಕೆ ಹೇಳ್ಬೇಕು? ಆ ಕಲ್ಲು ಓದೋಕೆ ಅವರಿಗೂ ಬರಲ್ಲ. ತಾತನ ಹೆಸರು ಐತೆ ಅಂದ್ಬಿಡು."

"ಎಡೆ ಬ್ಯಾಡ ಅನ್ನೋನು ನೀನು" ಎಂದಳು ಅಜ್ಜಿ.

"ಎಡೆ ಬ್ಯಾಡ ಅಂದೆ, ಜಾಗ ಬ್ಯಾಡ ಅಂದ್ನಾ? ಆ ಬಾವಿ ತೋಡಿದೋರು ನಮ್ಮೋರು. ಆ ಮೆಟ್ಟಿಲಿನ ಕಲ್ಲು ಹೊತ್ತೋರು ನಮ್ಮೋರು. ಅಷ್ಟು ದೊಡ್ಡ ತೋಟದಾಗೆ ನಮ್ಮದು ಅಂತ ಇದ್ದಿದ್ದು ಅದೊಂದು ಕಲ್ಲು. ಅದನ್ನೂ ನಾವೇ ಬಿಟ್ಕೊಡಣ ಅಂತೀಯ?"

"ಅದು ನಮ್ಮದಲ್ವಲ್ಲಪ್ಪ. ಕುದುರೇದು."

"ಕುದುರೆಗೆ ಕಲ್ಲು ಹಾಕ್ಸಿದ ಅವನು, ಮನುಷ್ಯನಿಗೆ ಹಾಕ್ಸಿಲ್ಲ. ಆ ಕಲ್ಲು ತಾತನಿಗೇ ಸಲ್ಲಬೇಕು."

"ಸುಳ್ಳು ಹೇಳಬಾರ್ದು ಅಂತ ನಿಮ್ಮ ಬುದ್ಧನೂ ಹೇಳವ್ನಂತಲ್ಲೋ."

ಚಿಕ್ಕಪ್ಪ ನನ್ನ ಕಡೆ ತಿರುಗಿ, "ಪಂಚಶೀಲ ಎಲ್ಲ ಇವಳಿಗೆ ನೀನೇ ಹೇಳ್ಕೊಟ್ಟಿದ್ದಾ?" ಎಂದರು. ಅವರ ಮುಖದಲ್ಲಿ ಅರೆ ನಗು ಇತ್ತು, ಮರುಕ್ಷಣ ಅದು ಹೋಯಿತು.

ಅಜ್ಜಿ ಮಾತು ಮುಂದುವರಿಸಿದಳು. ಸುಳ್ಳಿನ ಪಾಪ ಅವಳ ಚಿಂತೆಯಾಗಿರಲಿಲ್ಲ. "ಹಂಗೆ ಹೇಳ್ಬಿಟ್ರೆ ನಾಳೆ ನಿಮ್ಮ ಮಕ್ಕಳೂ ಅಲ್ಲೇ ಹೋಗಿ ಇಡ್ತಾರೆ. ಅದು ಮತ್ತೆ ಕುದುರೆಗೇ ಹೋಗ್ತದೆ. ಅವರು ಹಸ್ಕೊಂಡೇ ಇರ್ತಾರೆ. ನನಗೆ ಜಾಗ ಬ್ಯಾಡ ಕಣೋ. ಅವರು ಎಲ್ಲವ್ರೆ ಅಂತ ಹೇಳೋರು ಬೇಕು."

ಮರುದಿನ ಬೆಳಿಗ್ಗೆ ಚಿಕ್ಕಪ್ಪ ಮೊದಲ ಬಸ್ಸಿಗೇ ಹೊರಟುಹೋದರು. ನಾನೂ ಅಜ್ಜಿಯೂ ಗೌಡರ ಮನೆಗೆ ಹೋದೆವು.

ಗೌಡರು ಜಗುಲಿಯ ಕುರ್ಚಿಯಲ್ಲಿ ಕೂತಿದ್ದರು. "ರಾ ರಾ ಅವ್ವ, ಕೂತ್ಕೋ" ಎಂದರು. ಅಜ್ಜಿ ಅಂಗಳದಲ್ಲಿ, ಒರಳುಕಲ್ಲಿನ ಪಕ್ಕ ಕೂತಳು. ನಾನು ನಿಂತೇ ಇದ್ದೆ. ಕಾಫಿ ಬಂತು. ಗೌಡರದು ಸ್ಟೀಲ್ ಲೋಟದಲ್ಲಿ, ನಮ್ಮದು ಪ್ಲಾಸ್ಟಿಕ್ ಲೋಟದಲ್ಲಿ.

ಅಜ್ಜಿ ಸುತ್ತುಬಳಸದೆ ಹೇಳಿದಳು. ಗೌಡರಿಗೆ ನಗು ತಡೆಯಲಾಗಲಿಲ್ಲ.

"ಅಂದ್ರೆ ಇಷ್ಟು ವರ್ಷ ಕುದುರೆಗೆ ಎಡೆ ಹಾಕಿದ್ದಾ?"

"ಹೂಂ ಗೌಡ್ರೆ. ಅದೂ ನಮ್ಮ ಲಾಯದ್ದೇ."

ಅವರು ನಗು ನಿಲ್ಲಿಸಿದರು. ಹಾಗಾದರೆ ಆ ಜಾಗದ ಮಾತು ಮುಗಿಯಿತಲ್ಲ ಎಂದರು. ಮುಗಿಯಿತು ಎಂದಳು ಅಜ್ಜಿ. "ನಮ್ಮ ಮಾವನ್ನ ಎಲ್ಲಿ ಮಣ್ಣು ಮಾಡಿದ್ರು ಅಂತ ಗೊತ್ತಾಗ್ಬೇಕಿತ್ತು. ನಿಮ್ಮ ಮನೇಲಿ ದೊಡ್ಡೋರು ಏನಾರ ಹೇಳಿದ್ದು ನೆನಪೈತಾ ಅಂತ ಕೇಳಣ ಅಂತ ಬಂದೆ."

"ನಿಮ್ಮಾವನ ಹೆಸರೇನು? ಹೆಸರು ಕೇಳಿದ್ರೆ ನೆನಪಾದ್ರೂ ಆದೀತು."

ಅಜ್ಜಿ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟಳು. ನನ್ನ ಮುಖ ನೋಡಿದಳು. ನನಗೆ ಗೊತ್ತಿಲ್ಲದ ಹೆಸರನ್ನು ನಾನು ಹೇಳಿಕೊಡಲಾರೆ. ಅವಳು ಸೆರಗನ್ನು ತಲೆ ಮೇಲೆ ಎಳೆದುಕೊಂಡು, ನೆಲ ನೋಡುತ್ತಾ, ಹೆಸರು ಹೇಳಿದಳು. ಎರಡೇ ಅಕ್ಷರದ ಹೆಸರು. ನಮ್ಮ ಕಾಲೋನಿಯಲ್ಲಿ ಈಗ ಯಾರೂ ಇಡದಂಥದ್ದು. ಅವಳ ಬಾಯಲ್ಲಿ ಅದಕ್ಕೆ ಅಭ್ಯಾಸವೇ ಇರಲಿಲ್ಲ. ಪರಭಾಷೆಯ ಮಾತಿನ ಹಾಗೆ ತಡೆದು ತಡೆದು ಬಂತು.

ಗೌಡರು ಹಣೆ ಉಜ್ಜಿಕೊಂಡರು. "ಆ ಹೆಸರು ಕೇಳಿದ್ದೀನಿ. ಅವನು ಪ್ಲೇಗಿನಾಗೆ ಹೋದ ಮ್ಯಾಲೆ ಕುದುರೆ ಹಿಡಿಯೋರೇ ಇಲ್ಲದಂಗೆ ಆಯ್ತು ಅಂತ ನಮ್ಮಪ್ಪ ಹೇಳೋನು. ಪ್ಲೇಗಿನಾಗೆ ಹೋದೋರನ್ನ ಊರೊಳಗೆ ತರಲಿಲ್ವಂತೆ. ಎಲ್ಲರನ್ನೂ ಹಳ್ಳದ ಆಚೆ..." ಎಂದವರು ಅಲ್ಲಿಗೇ ನಿಲ್ಲಿಸಿದರು.

ಹಳ್ಳದ ಆಚೆ ಈಗ ಗೌಡರ ಹಿಪ್ಪುನೇರಳೆ ಇದೆ. ಸೊಪ್ಪಿನ ತೋಟ ಎನ್ನುತ್ತೇವೆ. ನಾನು ಹುಟ್ಟುವುದಕ್ಕಿಂತ ಮೊದಲಿನಿಂದ ಇದೆ. ಅಜ್ಜಿ ಕೈಲಾಗುವವರೆಗೂ ಅಲ್ಲೇ ಸೊಪ್ಪು ಕೊಯ್ಯಲು ಕೂಲಿಗೆ ಹೋಗುತ್ತಿದ್ದಳು.

"ನಾನೇ ಅಲ್ಲಿ ಓಡಾಡಿದ್ದೀನಿ" ಎಂದಳು ಅಜ್ಜಿ, ಯಾರಿಗೂ ಅಲ್ಲದಂತೆ. "ಕಳೆ ಕಿತ್ತಿದ್ದೀನಿ. ಅಲ್ಲೇ ಕೂತು ಉಂಡಿದ್ದೀನಿ."

ಗೌಡರಿಗೂ ಇರುಸುಮುರುಸಾಗಿತ್ತು. ನೆಲದ ಮಾತು ಬರಬಹುದೆಂದು ಅಳುಕಿದರೋ ಏನೋ, "ಈಗ ಅಗೆದು ನೋಡೋಕಾಗಲ್ಲವ್ವ, ಎಷ್ಟೋ ಸಲ ಉತ್ತಾಗೈತೆ" ಎಂದರು. ಅಜ್ಜಿ ಅಗೆಯುವ ಮಾತೇ ಎತ್ತಲಿಲ್ಲ. ಅಮಾವಾಸ್ಯೆ ದಿನ ಅಲ್ಲಿ ಒಂದು ಎಲೆ ಇಡುವುದಕ್ಕೆ ಬಿಡಬೇಕು ಎಂದು ಕೇಳಿದಳು.

ಗೌಡರು ಒಳಗೆ ಹೋಗಿ ಮನೆಯವರ ಹತ್ತಿರ ಮಾತಾಡಿ ಬಂದರು. "ಹುಳ ಸಾಕೋ ಮನೆ ನೋಡವ್ವ. ಸತ್ತೋರ ಎಡೆ ಸೊಪ್ಪಿಗೆ ತಾಗಿದ್ರೆ ಹುಳ ಕೆಡ್ತಾವೆ ಅಂತಾರೆ ನಮ್ಮ ಹೆಂಗಸರು. ತೋಟದೊಳಗೆ ಬ್ಯಾಡ. ಬದುವಿನ ಮ್ಯಾಲೆ ಇಟ್ಕೊಳ್ಳಿ. ವರ್ಷವರ್ಷವೂ ಇಟ್ಕೊಳ್ಳಿ, ನಾನು ಬ್ಯಾಡ ಅನ್ನಲ್ಲ."

ಅಜ್ಜಿ ಕೊಯ್ದ ಸೊಪ್ಪು ತಿಂದ ಹುಳಗಳು ಅಷ್ಟು ವರ್ಷ ಕೆಡಲಿಲ್ಲವಲ್ಲ ಎಂದು ನನ್ನ ಬಾಯಿಗೆ ಬಂದಿತ್ತು. ಅಜ್ಜಿ ನನ್ನ ಕಾಲಿನ ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತಿ ಹಿಡಿದಳು. "ಬದುವಾದ್ರೂ ಸರಿ ಗೌಡ್ರೆ" ಎಂದಳು.

ಆಗಸ್ಟ್ ಕೊನೆಗೆ ಜೆಸಿಬಿ ಬಂತು. ಗೇಟಿನ ಕಂಬಗಳು ಮೊದಲು ಹೋದವು, ಆಮೇಲೆ ಸಿಲ್ವರ್ ಓಕ್, ಆಮೇಲೆ ಲಾಯ. ನಾನು ಕಾಲೇಜಿನಿಂದ ಬರುವಾಗ ಬಸ್ಸಿನಿಂದ ನೋಡಿ, ಆ ದಿನ ಏನು ಉಳಿದಿತ್ತು ಎಂದು ಬರೆದಿಟ್ಟಿದ್ದೇನೆ. ಮೆಟ್ಟಿಲು ಎಲ್ಲಕ್ಕಿಂತ ಕೊನೆಗೆ ಹೋಯಿತು. ಕುದುರೆಯ ನಿಲುಗಲ್ಲನ್ನು ಬಾವಿಯ ಹತ್ತಿರ ಪಂಪಿನ ಮನೆಗೆ ಒರಗಿಸಿಟ್ಟಿದ್ದರು. ಹಾಗೆ ಆ ಇಂಗ್ಲಿಷ್ ಮನೆತನದಲ್ಲಿ ಹೆಸರು ಉಳಿದದ್ದು ಅವರ ಕುದುರೆಯದು ಮಾತ್ರ. ಅವರಲ್ಲಿ ಯಾರಾದರೂ ಎಲ್ಲಾದರೂ ಇದ್ದು, ತಮ್ಮ ಹಿರಿಯರು ಬಾಳಿದ ಜಾಗ ಯಾವುದು ಎಂದು ಹುಡುಕಿಕೊಂಡು ಬಂದರೆ ತೋರಿಸುವುದಕ್ಕೆ ಬೇರೇನೂ ಇಲ್ಲ. ಆಗ ನಮಗೂ ಅವರಿಗೂ ಬಹಳ ವ್ಯತ್ಯಾಸ ಇರುವುದಿಲ್ಲ ಎಂದು ದಿನಚರಿಯಲ್ಲಿ ಬರೆದು, ಅದು ತಪ್ಪು ಎಂದು ಅಲ್ಲೇ ಕೆಳಗೆ ಬರೆದು ಅಡಿಗೆರೆ ಹಾಕಿದ್ದೇನೆ. ಅವರು ತಾವಾಗಿ ಬಿಟ್ಟು ಹೋದವರು.

ಸೆಪ್ಟೆಂಬರ್ 22, ಶುಕ್ರವಾರ, ಮಹಾಲಯ ಅಮಾವಾಸ್ಯೆ. ಹಿಂದಿನ ದಿನವೇ ಅಜ್ಜಿ ಒಂದು ಕಷ್ಟದಲ್ಲಿ ಬಿದ್ದಿದ್ದಳು. ತೀರಿಹೋದವರಿಗೆ ಅವರವರು ಇಷ್ಟಪಟ್ಟಿದ್ದನ್ನು ಇಡಬೇಕು. ತಾತನಿಗೆ ಏನು ಇಷ್ಟ ಎಂದು ಬದುಕಿರುವವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಅವಳು ಎಲ್ಲವನ್ನೂ ಮಾಡಿದಳು. ಮುದ್ದೆ, ಬಾಡಿನ ಸಾರು, ಅನ್ನ, ಒಬ್ಬಟ್ಟು, ವಡೆ, ಅವರೆಕಾಳಿನ ಹುಳಿ. ಅಂಗಡಿಯಿಂದ ಬೀಡಿ, ಎಲೆಅಡಿಕೆ ತರಿಸಿದಳು. ಕುಡಿಯುತ್ತಿದ್ದರೋ ಇಲ್ಲವೋ ಎಂದು ಬಹಳ ಹೊತ್ತು ಯೋಚಿಸಿ, ಒಂದು ಸಣ್ಣ ಬಾಟಲಿಯನ್ನೂ ತರಿಸಿದಳು. ಅದನ್ನು ತಂದುಕೊಟ್ಟದ್ದು ಚಿಕ್ಕಪ್ಪ. ಯಾರೂ ಕರೆಯದೆ ಅವರು ಗುರುವಾರ ಸಂಜೆಯೇ ಚಿಂತಾಮಣಿಯಿಂದ ಬಂದಿದ್ದರು.

"ನಾನು ಕೈಮುಗಿಯಲ್ಲ" ಎಂದು ಮೊದಲೇ ಹೇಳಿದರು.

"ಮುಗೀಬ್ಯಾಡ. ಪಾತ್ರೆ ಹೊತ್ಕೊ" ಎಂದಳು ಅಜ್ಜಿ.

ಮಧ್ಯಾಹ್ನ ಹಳ್ಳ ದಾಟಿ ಬದುವಿನ ಮೇಲೆ ನಿಂತೆವು. ಹಿಪ್ಪುನೇರಳೆ ಎದೆಯುದ್ದ ಬೆಳೆದಿತ್ತು. ಒಂದು ಮೂಲೆಯಲ್ಲಿ ಆಗಲೇ ಕೊಯ್ಲಾಗಿ ಬೊಡ್ಡೆಗಳು ಕಾಣುತ್ತಿದ್ದವು. ಅಷ್ಟು ಅಗಲದ ತೋಟದಲ್ಲಿ ಅವರು ಯಾವ ಕಡೆ ಇದ್ದಾರೆಂದು ತಿಳಿಯುವ ದಾರಿಯಿಲ್ಲ. ಅಜ್ಜಿ ಬದುವಿನ ನಡುಭಾಗಕ್ಕೆ ಹೋಗಿ, ನೆಲ ಸವರಿ ನೀರು ಚಿಮುಕಿಸಿ, ಅಗಲವಾದ ಬಾಳೆಲೆ ಹಾಸಿದಳು. ಬಡಿಸಿದಳು. ಎಲೆಯಲ್ಲಿ ಜಾಗ ಸಾಲಲಿಲ್ಲ, ಒಬ್ಬಟ್ಟನ್ನು ವಡೆಯ ಮೇಲೆ ಇಡಬೇಕಾಯಿತು. ಚಿಕ್ಕಪ್ಪ ಬಾಟಲಿಯ ಮುಚ್ಚಳ ತಿರುಚಿ ಬಿಚ್ಚಿ ಎಲೆಯ ಪಕ್ಕ ಇಟ್ಟರು. ಕೈಮುಗಿಯಲಿಲ್ಲ, ಆದರೆ ಚಪ್ಪಲಿ ಬಿಟ್ಟಿದ್ದರು.

"ಈಗ ಎಲ್ಲರೂ ಆ ಕಡೆ ತಿರುಗಿ" ಎಂದಳು ಅಜ್ಜಿ. ಹಿರಿಯರು ಉಣ್ಣುವಾಗ ನೋಡಬಾರದು. ಮನೆಯಲ್ಲಾದರೆ ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತೇವೆ. ಇಲ್ಲಿ ಬಾಗಿಲಿರಲಿಲ್ಲ. ಮೂವರೂ ತೋಟಕ್ಕೆ ಬೆನ್ನು ಹಾಕಿ, ಹಳ್ಳದ ಕಡೆ ಮುಖ ಮಾಡಿ ನಿಂತೆವು. ಬಿಸಿಲು ನೆತ್ತಿಗೆ ಬಡಿಯುತ್ತಿತ್ತು. ಹಿಂದೆ ಸೊಪ್ಪಿನ ಸದ್ದು ಬಂತು, ಗಾಳಿಗೆ ಇರಬೇಕು. ಚಿಕ್ಕಪ್ಪ ಒಮ್ಮೆ ಗಡಿಯಾರ ನೋಡಿಕೊಂಡರು.

"ಸಾಕಾ ಅಮ್ಮ? ತಿರುಗಣ್ವಾ?" ಎಂದು ಮೆಲ್ಲಗೆ ಕೇಳಿದರು.

ಅಜ್ಜಿ ತಲೆಯಾಡಿಸಿದಳು. "ಇನ್ನೊಂದು ಚೂರು ಹೊತ್ತು ಇರಣ" ಎಂದಳು. "ಭಾಳ ದಿನದ ಹಸಿವು. ಬೇಗ ಬೇಗ ಉಣ್ಣೋಕಾಗಲ್ಲ."